ಹಲ್ಲು ನೋವು ತಾನಾಗೇ ನಿಂತೋಯ್ತು, ಇನ್ನೂ ರೂಟ್ ಕೆನಾಲ್ ಬೇಕಾ? ಉಳಿಸೋದಾ ಕೀಳಿಸೋದಾ?

ಅರಸೀಕೆರೆ_ಪ್ಯಾಸೆಂಜರ್

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ ಹೇಳಿ. ನಂಗೆ 39 ವರ್ಷ, ಪೀಣ್ಯದಲ್ಲಿ ಶಿಫ್ಟ್ ಕೆಲಸ. ಕೆಳಗಡೆ ಬಲಗಡೆ ದವಡೆ ಹಲ್ಲಲ್ಲಿ ಎರಡು ವರ್ಷದಿಂದ ಒಂದು ಕಪ್ಪು ಚುಕ್ಕೆ ಇತ್ತು. ಊಟ ಮಾಡಿದಾಗ ಅಲ್ಲಿ ಅಗುಳು ಸಿಕ್ಕಾಕೊಳ್ತಿತ್ತು, ಕಡ್ಡೀಲಿ ತೆಗೆದು ಸುಮ್ನಾಗ್ತಿದ್ದೆ. ಆಮೇಲೆ ತಣ್ಣೀರು ಕುಡಿದ್ರೆ ಜುಮ್ ಅನ್ನೋಕೆ ಶುರುವಾಯ್ತು, ಆಗ್ಲೂ ಹೋಗ್ಲಿಲ್ಲ.

ಹೋದ ತಿಂಗಳು ಒಂದು ರಾತ್ರಿ ಹಿಡ್ಕೊಂಡ ನೋವು ನೋಡಿ, ಮಲಗಿದ್ರೆ ಎರಡರಷ್ಟು, ಎದ್ದು ಕೂತ್ರೆ ಸ್ವಲ್ಪ ಕಮ್ಮಿ. ಬಿಸಿ ಕಾಫಿ ಬಾಯಿಗಿಟ್ರೆ ಕಿವಿವರೆಗೂ ಸಿಡೀತಿತ್ತು, ತಣ್ಣೀರು ಬಾಯಲ್ಲಿ ಹಿಡ್ಕೊಂಡ್ರೆ ಮಾತ್ರ ನಿಲ್ತಿತ್ತು, ಅದು ಬೆಚ್ಚಗಾದ ತಕ್ಷಣ ಮತ್ತೆ ಶುರು. ಹಾಸಿಗೆ ಪಕ್ಕ ನೀರಿನ ಬಾಟ್ಲು ಇಟ್ಕೊಂಡು ಗುಟುಕು ಗುಟುಕಾಗಿ ಬಾಯಲ್ಲಿ ಹಿಡ್ಕೊಂಡು ಉಗುಳ್ತಾ ಮೂರು ರಾತ್ರಿ ಬೆಳಗು ಮಾಡಿದೀನಿ. ಮೆಡಿಕಲ್ ಸ್ಟೋರಲ್ಲಿ ಕೇಳಿ ನೋವಿನ ಮಾತ್ರೆ, ಜೊತೆಗೆ ಆಂಟಿಬಯಾಟಿಕ್ ತಗೊಂಡೆ. ನಾಲ್ಕನೇ ದಿನ ನೋವು ಪೂರ್ತಿ ಮಾಯ!

ಈಗ ಮೂರು ವಾರ ಆಯ್ತು, ಬಿಸಿ ತಣ್ಣಗೆ ಏನೂ ಗೊತ್ತಾಗಲ್ಲ. ಆದ್ರೆ ಕಚ್ಚಿದಾಗ ಆ ಹಲ್ಲು ಒಂದು ಕೂದಲೆಳೆಯಷ್ಟು ಎತ್ತರ ಆದಂಗೆ ಅನ್ಸುತ್ತೆ. ಮನೆ ಹತ್ರದ ಡಾಕ್ಟ್ರು ರೂಟ್ ಕೆನಾಲ್ ಮತ್ತು ಕ್ಯಾಪ್ ಸೇರಿ 11,000 ಅಂದ್ರು. ಊರಲ್ಲಿ ಅಪ್ಪ, ನೋವೇ ಇಲ್ವಲ್ಲ ಬಿಡು, ಜಾಸ್ತಿ ಆದ್ರೆ ಕೀಳಿಸಿದ್ರಾಯ್ತು ಅಂತಾರೆ. ನೋವಿಲ್ಲದ ಹಲ್ಲಿಗೆ ಅಷ್ಟು ದುಡ್ಡು ಹಾಕ್ಬೇಕಾ? ಮಾಡಿಸ್ಕೊಂಡಿರೋರು ಹೇಳಿ.

ಹಾಸನ_ಮಳೆ

ನನ್ ಅನುಭವದಲ್ಲಿ ಕೀಳಿಸೋದೇ ವಾಸಿ ಗುರು. 2021ರಲ್ಲಿ ಇದೇ ತರ ದವಡೆ ಹಲ್ಲಿಗೆ ರೂಟ್ ಕೆನಾಲ್ ಮಾಡಿಸ್ದೆ, 4,500 ಕೊಟ್ಟೆ. ಒಂದು ವರ್ಷ ಚೆನ್ನಾಗಿತ್ತು, ಆಮೇಲೆ ಗೌರಿ ಹಬ್ಬದಲ್ಲಿ ನಿಪ್ಪಟ್ಟು ಕಡಿಯುವಾಗ ಪಟ್ ಅಂತ ಸದ್ದು ಬಂತು, ಹಲ್ಲು ಉದ್ದಕ್ಕೆ ಎರಡು ಹೋಳು. ಒಂದು ಹೋಳು ಒಸಡಿನ ಒಳಗಡೆವರೆಗೂ ಸೀಳಿತ್ತು, ಏನೂ ಮಾಡಕ್ಕಾಗಲ್ಲ ಅಂತ ಕೊನೆಗೆ ಕಿತ್ತೇ ಹಾಕಿದ್ರು. ದುಡ್ಡೂ ಹೋಯ್ತು ಹಲ್ಲೂ ಹೋಯ್ತು. ಅದಕ್ಕೇ ಹೇಳ್ತಿರೋದು.

ದಾವಣಗೆರೆ_ದಂತವೈದ್ಯೆ

@ಹಾಸನ_ಮಳೆ ಆ ಹಲ್ಲಿಗೆ ಕ್ಯಾಪ್ ಹಾಕ್ಸಿದ್ರಾ?

ಹಾಸನ_ಮಳೆ

ಇಲ್ಲ ಮೇಡಂ. ಆಮೇಲೆ ಹಾಕ್ಸೋಣ ಅಂದ್ಕೊಂಡೆ, ನೋವಿರ್ಲಿಲ್ಲ ಹಂಗೇ ಬಿಟ್ಟೆ. ಹಾಕ್ಸಲೇಬೇಕು ಅಂತ ಅಲ್ಲಿ ಯಾರೂ ಒತ್ತಿ ಹೇಳ್ಲಿಲ್ಲ, ಬೇಕಾದ್ರೆ ಹಾಕ್ಸಿ ಅಂದಿದ್ರು ಅಷ್ಟೇ.

ದಾವಣಗೆರೆ_ದಂತವೈದ್ಯೆ

"ಬೇಕಾದ್ರೆ" ಅಂತ ಹೇಳಿದ್ದೇ ತಪ್ಪು, ನಿಮಗೆ ಹಾಗಾಗಿದ್ದಕ್ಕೆ ನಿಜಕ್ಕೂ ಬೇಜಾರಾಯ್ತು. ರೂಟ್ ಕೆನಾಲ್ ಅಂದ್ರೆ ಹಲ್ಲಿನೊಳಗೆ ಕೆಟ್ಟಿದ್ದನ್ನ ತೆಗೆದು, ಬೇರಿನೊಳಗಿನ ನಾಳ ತೊಳೆದು ತುಂಬೋದು. ಅದಕ್ಕೆ ಹಲ್ಲಿನ ನೆತ್ತೀಲಿ ತೂತು ತೆಗೆದು ಒಳಗಿಳೀಬೇಕು, ಅದಕ್ಕೂ ಮುಂಚೆ ಹುಳುಕೇ ಅರ್ಧ ಹಲ್ಲು ತಿಂದಿರುತ್ತೆ. ಉಳಿಯೋದು ಸುತ್ತ ತೆಳ್ಳನೆ ಗೋಡೆ, ನಡುವೆ ಫಿಲ್ಲಿಂಗ್. ದವಡೆ ಹಲ್ಲಿನ ಮೇಲೆ ಅಗಿಯೋ ಭಾರ ಪೂರ್ತಿ ಬೀಳೋದ್ರಿಂದ ಗೋಡೆ ಸೀಳುತ್ತೆ. ಕ್ಯಾಪ್ ಅಂದ್ರೆ ಒಡೆದ ಮರದ ದಿಮ್ಮಿಗೆ ಕಬ್ಬಿಣದ ಬಳೆ ಹಾಕಿದಂಗೆ, ಹೋಳಾಗದಂತೆ ಸುತ್ತ ಹಿಡ್ಕೊಳ್ಳುತ್ತೆ. ಮುಂದಿನ ಹಲ್ಲುಗಳಲ್ಲಿ ಗೋಡೆ ಗಟ್ಟಿಯಿದ್ರೆ ಕೆಲವು ಸಲ ಬರೀ ಫಿಲ್ಲಿಂಗ್ ಸಾಕಾಗುತ್ತೆ, ದವಡೆ ಹಲ್ಲಿಗೆ ಮಾತ್ರ ಕ್ಯಾಪ್ ಇಲ್ದೆ ಚಿಕಿತ್ಸೆ ಮುಗೀತು ಅಂತ ನಾನು ಯಾರಿಗೂ ಹೇಳಲ್ಲ.

ಈಗ ಮೂಲ ಪ್ರಶ್ನೆಗೆ ಬರ್ತೀನಿ. ಬಾಯಿ ನೋಡದೆ, ಎಕ್ಸ್‌ರೇ ಇಲ್ದೆ ಖಚಿತವಾಗಿ ಹೇಳೋಕಾಗಲ್ಲ. ಆದ್ರೆ ಅರಸೀಕೆರೆಯವರು ಬರೆದಿರೋದನ್ನ ನಮ್ಮ ಕ್ಲಿನಿಕ್ಕಲ್ಲಿ ಪ್ರತಿ ವಾರ ಯಾರಾದ್ರೂ ಇದೇ ವರಸೇಲಿ ಹೇಳ್ತಾರೆ. ಹಲ್ಲಿನ ನಡುವೆ ತಿರುಳು ಅಂತ ಇರುತ್ತೆ, ನರ ರಕ್ತನಾಳ ಎಲ್ಲಾ ಅದರಲ್ಲೇ. ಹುಳುಕು ಅಲ್ಲಿಗೆ ಮುಟ್ಟಿದಾಗ ತಿರುಳು ಊದಿಕೊಳ್ಳುತ್ತೆ. ಕೈಗೋ ಕಾಲಿಗೋ ಊತ ಬಂದ್ರೆ ಚರ್ಮ ಹಿಗ್ಗುತ್ತೆ, ಹಲ್ಲಿನೊಳಗೆ ಹಿಗ್ಗೋಕೆ ಜಾಗ ಎಲ್ಲಿದೆ, ಸುತ್ತ ಕಲ್ಲಿನಂಥ ಗೋಡೆ. ಅದಕ್ಕೇ ಆ ಪಾಟಿ ನೋವು. ಮಲಗಿದಾಗ ತಲೆ ಕಡೆ ರಕ್ತದ ಒತ್ತಡ ಜಾಸ್ತಿಯಾಗಿ ನೋವು ಏರುತ್ತೆ. ತಣ್ಣೀರು ಕುಡಿದ್ರೆ ಒಂದೆರಡು ಸೆಕೆಂಡ್ ಜುಮ್ ಅಂದು ಬಿಡುತ್ತಲ್ಲ, ಆ ಹಂತದಲ್ಲಿ ಬಂದಿದ್ರೆ ಬಹುಶಃ ಒಂದು ಫಿಲ್ಲಿಂಗಲ್ಲಿ ಮುಗೀತಿತ್ತು. ಬಿಸಿಗೆ ಸಿಡಿದು ತಣ್ಣೀರಿಗೆ ಶಮನ ಆಗೋ ಹಂತ ಅಂದ್ರೆ ತಿರುಳು ಸಾಯ್ತಾ ಇದೆ ಅಂತ. ನಾಲ್ಕನೇ ದಿನ ನೋವು ಮಾಯ ಆಯ್ತಲ್ಲ, ಅವತ್ತು ನರ ಪೂರ್ತಿ ಸತ್ತಿರೋ ಸಾಧ್ಯತೆನೇ ಜಾಸ್ತಿ. ನೋವನ್ನ ಹೇಳೋಕೆ ಅಲ್ಲಿ ಯಾರೂ ಉಳಿದಿಲ್ಲ.

ಆಂಟಿಬಯಾಟಿಕ್ ವಾಸಿ ಮಾಡ್ತು ಅನ್ಕೋಬೇಡಿ. ಸತ್ತ ತಿರುಳಿಗೆ ರಕ್ತ ಓಡಾಟ ಇರಲ್ಲ, ಮಾತ್ರೆ ಅಲ್ಲಿಗೆ ತಲುಪೋದೇ ಇಲ್ಲ. ಒಳಗಿನ ಸೋಂಕು ಬೇರಿನ ತುದಿಯಿಂದ ದವಡೆ ಮೂಳೆಗೆ ಇಳಿಯುತ್ತೆ. ನಿಮಗೆ ಹಲ್ಲು ಎತ್ತರ ಆದಂಗೆ ಅನ್ಸೋದು ಅದರಿಂದಲೇ ಇರಬಹುದು, ಬೇರಿನ ತುದೀಲಿ ಕೀವು ಕೂತು ಹಲ್ಲನ್ನ ಮೇಲಕ್ಕೆ ನೂಕ್ತಾ ಇರುತ್ತೆ. ತಡ ಮಾಡ್ಬೇಡಿ. ಮುಖ ಊದ್ಕೊಂಡು ಜ್ವರ ಬಂದ್ರೆ, ಬಾಯಿ ತೆರೆಯೋಕೆ ಎಂಜಲು ನುಂಗೋಕೆ ಕಷ್ಟ ಆದ್ರೆ, ಗದ್ದದ ಕೆಳಗೆ ಗಟ್ಟಿ ಊತ ಬಂದ್ರೆ ಕ್ಲಿನಿಕ್ ತೆಗೆಯೋವರೆಗೆ ಕಾಯಬೇಡಿ, ರಾತ್ರಿಯಾದ್ರೂ ದೊಡ್ಡಾಸ್ಪತ್ರೆ ಎಮರ್ಜೆನ್ಸಿಗೆ ಹೋಗಿ, ಅದು ಉಸಿರಾಟಕ್ಕೇ ತೊಂದ್ರೆ ಮಾಡಬಲ್ಲದು.

ಸಾಧನಕೇರಿ_ಸಂಜಿ

ಡಾಕ್ಟರ್ ಬಾಯಾರ ಹೇಳಿದ್ದು ಖರೇ ಅದ ರೀ. ನಾ ಕೀಳಿಸಿ ಕುಂತಾಕಿ, ಅದಕ್ಕ ಹೇಳ್ತೀನಿ. 2014ರಾಗ ಇದ ಹಲ್ಲು, ಇದ ಬಾಜೂ. ರೊಕ್ಕ ಉಳೀತದಂತ ಐದನೂರಕ್ಕ ಕೀಳಿಸಿದೆ. ಮೊದಲ ಎರಡು ವರ್ಷ ಏನೂ ಅನಸಲಿಲ್ಲ. ಆಮ್ಯಾಲ ಹಿಂದಿನ ಹಲ್ಲು ಆ ಖಾಲಿ ಜಾಗಾದ ಕಡೆ ವಾಲಿತು, ಮ್ಯಾಲಿನ ಹಲ್ಲು ತನಗ ಎದುರು ಯಾರೂ ಇಲ್ಲಂತ ಕೆಳಗ ಇಳದ ಬಂತು. ವಾಲಿದ ಸಂದ್ಯಾಗ ದಿನಾ ರೊಟ್ಟಿ, ಶೇಂಗಾ ಸಿಕ್ಕೊಳ್ಳೂದು, ಅಲ್ಲಿ ಮತ್ತೊಂದು ಹುಳುಕು. ಈಗ ಅಲ್ಲಿ ಹಲ್ಲು ಕೂಡಸಬೇಕಂದ್ರ ಜಾಗಾನ ಇಲ್ಲ, ಮೊದಲ ಮ್ಯಾಲಿನ ಹಲ್ಲು ತುಂಡು ಮಾಡಬೇಕು ಇಲ್ಲಾ ಕ್ಲಿಪ್ ಹಾಕಿ ಸರಸಬೇಕು ಅಂತಾರ. ಹತ್ತು ವರ್ಷ ಒಂದ ಬಾಜೂನ ಅಗದು ಅಗದು ಆ ಬಾಜೂನ ಹಲ್ಲೂ ಸವದಾವ. ಐದನೂರು ರೂಪಾಯಿ ಉಳಿಸಿದ್ದು ನನಗ ಭಾಳ ತುಟ್ಟಿ ಬಿತ್ತು ರೀ.

ಉಳಿಸಾಕ ಬರೂ ಹಂಗಿದ್ರ ಉಳಸ್ರಿ, ನಮ್ಮದು ಹುಟ್ಟಿದ ಹಲ್ಲು ಅದು.

ಅರಸೀಕೆರೆ_ಪ್ಯಾಸೆಂಜರ್

ಓದಿ ಭಯ ಆಯ್ತು, ಆದ್ರೆ ಅರ್ಥ ಆಯ್ತು. ಇನ್ನೊಂದು ವಿಷ್ಯ, ರೂಟ್ ಕೆನಾಲ್ ಅಂದ್ರೆ ನರಕಯಾತನೆ ಅಂತ ನಮ್ ಫ್ಯಾಕ್ಟರೀಲಿ ಎಲ್ರೂ ಹೇಳ್ತಾರೆ. ನಿಜವಾಗ್ಲೂ ಹೇಗಿರುತ್ತೆ?

ಕುಂದಾಪ್ರ_ಕಡಲು

ನಾನು ಹೋದ ಮಳೆಗಾಲದಲ್ಲಿ ಮಾಡಿಸಿದ್ದು, ಎಲ್ಲ ನೆನಪುಂಟು, ಹೇಳ್ತೇನೆ. ಮೊದಲು ಒಸಡಿಗೆ ಒಂದು ಜೆಲ್ ಹಚ್ಚಿದ್ರು, ಎರಡು ನಿಮಿಷ ಬಿಟ್ಟು ಇಂಜೆಕ್ಷನ್. ಚುಚ್ಚಿದ್ದಕ್ಕಿಂತ ಮದ್ದು ಒಳಗೆ ಹೋಗುವಾಗ ಒಂದು ಬಿಗಿತ ಆಗ್ತದೆ, ಅಷ್ಟೇ ನೋವು ಅಂತ ಇದ್ದದ್ದು. ಹತ್ತು ನಿಮಿಷದಲ್ಲಿ ಅರ್ಧ ತುಟಿ ಅರ್ಧ ನಾಲಗೆ ಮರಗಟ್ಟಿತು. ಮತ್ತೆ ಹಲ್ಲಿನ ಸುತ್ತ ಒಂದು ರಬ್ಬರ್ ಹಾಳೆ ಕಟ್ಟಿದ್ರು, ಒಂದು ಹಲ್ಲು ಮಾತ್ರ ಹೊರಗೆ ಕಾಣುವ ಹಾಗೆ. ಎಂಜಲು ಒಳಗೆ ಹೋಗ್ಬಾರ್ದು, ತೊಳೆಯುವ ಮದ್ದು ಗಂಟಲಿಗೆ ಇಳೀಬಾರ್ದು ಅಂತ. ಆ ಮದ್ದಿಗೆ ಬಟ್ಟೆ ಬಿಳಿ ಮಾಡುವ ಬ್ಲೀಚಿನದ್ದೇ ವಾಸನೆ. ತುಟಿಗೆ ಒಂದು ಸಣ್ಣ ಕೊಕ್ಕೆ ಸಿಕ್ಕಿಸಿದ್ರು, ಕೂದಲಿನ ಹಾಗಿನ ಅರದಿಂದ ಹಲ್ಲಿನ ಬೇರಿನೊಳಗೆ ತೀಡ್ತಾ ಹೋದ ಹಾಗೆ ಒಂದು ಮೆಷಿನ್ ಬೀಪ್ ಬೀಪ್ ಅಂತ ಹೇಳ್ತದೆ, ತುದಿ ಹತ್ತಿರ ಬಂದ ಹಾಗೆ ಬೀಪ್ ಜೋರು. ಬೇರಿನ ಉದ್ದ ಅಳೆಯುವುದು ಅದು ಅಂತ ಡಾಕ್ಟ್ರು ಮತ್ತೆ ಹೇಳಿದ್ರು.

ಒಟ್ಟು ಒಂದೂವರೆ ಗಂಟೆ. ನೋವಿಗಿಂತ ಬಾಯಿ ತೆರೆದಿಟ್ಟು ದವಡೆ ಸೋತದ್ದೇ ಹೆಚ್ಚು. ಮನೆಗೆ ಬಂದು ಮರಗಟ್ಟಿದ್ದು ಇಳಿಯುವ ತನಕ ಏನೂ ತಿನ್ಲಿಲ್ಲ, ಗೊತ್ತಾಗದೆ ಕೆನ್ನೆ ಕಚ್ಚಿಕೊಳ್ತೇವೆ ಮಾರಾಯ್ರೆ, ಜಾಗ್ರತೆ. ಎರಡು ದಿನ ಅಗಿಯುವಾಗ ಸ್ವಲ್ಪ ನೋವಿತ್ತು, ಮೂರನೇ ದಿನಕ್ಕೆ ಸರಿಯಾಯ್ತು. ನೀವು ಆ ಮೂರು ರಾತ್ರಿ ತಿಂದ ನೋವಿನ ಎದುರು ಇದು ಏನೂ ಅಲ್ಲ.

ತೀರ್ಥಹಳ್ಳಿ_ತೋಟ

ನಮ್ಮನೇಲಿ ಹಲ್ಲು ನೋವು ಅಂದ್ರೆ ಲವಂಗ ಜಜ್ಜಿ ಇಡೋದು, ಉಪ್ಪು ನೀರು ಮುಕ್ಕಳಿಸೋದು. ಲವಂಗದ ಎಣ್ಣೆ ಹತ್ತೀಲಿ ಅದ್ದಿ ಇಟ್ರೆ ನಿಜವಾಗ್ಲೂ ಕಮ್ಮಿಯಾಗುತ್ತೆ, ಸುಳ್ಳಲ್ಲ.

ದಾವಣಗೆರೆ_ದಂತವೈದ್ಯೆ

ಸುಳ್ಳಲ್ಲ, ಲವಂಗದಲ್ಲಿರೋ ಯೂಜಿನಾಲ್ ನೋವು ಕಮ್ಮಿ ಮಾಡುತ್ತೆ. ನಾವು ತಾತ್ಕಾಲಿಕವಾಗಿ ತುಂಬೋ ಒಂದು ಸಿಮೆಂಟಲ್ಲೂ ಅದೇ ಇರೋದು, ನಮ್ಮ ಕ್ಲಿನಿಕ್‌ಗಳಲ್ಲಿ ಆ ವಾಸನೆ ಬರೋದು ಅದಕ್ಕೇ. ಬೆಳಗಾಗೋವರೆಗೆ ತಡ್ಕೊಳ್ಳೋಕೆ ಒಂದು ತೊಟ್ಟು ಹತ್ತೀಲಿ ಇಟ್ಕೊಳ್ಳಿ, ಎಣ್ಣೆ ಜಾಸ್ತಿ ಸುರಿದ್ರೆ ಒಸಡು ಸುಡುತ್ತೆ. ಹುಳುಕನ್ನ ಅದು ಮುಟ್ಟಲ್ಲ. ಆದ್ರೆ ದಯವಿಟ್ಟು ನೋವಿನ ಮಾತ್ರೆ ಪುಡಿ ಮಾಡಿ ಒಸಡಿಗೆ ಒತ್ಕೋಬೇಡಿ. ಆಸ್ಪಿರಿನ್ ಇಟ್ಕೊಂಡು ಕೆನ್ನೆ ಒಳಗೆ ಬೆಳ್ಳಗೆ ಬೆಂದು ಸಿಪ್ಪೆ ಎದ್ದು ಬಂದವರನ್ನ ನೋಡಿದೀನಿ. ಮಾತ್ರೆ ಹೊಟ್ಟೆಗೆ ಹೋಗಿ ಕೆಲಸ ಮಾಡೋದು. ಪೆಟ್ರೋಲು, ತಂಬಾಕಿನ ಪುಡಿ ಇಟ್ಕೊಂಡು ಬರೋರೂ ಇದಾರೆ, ಅವಂತೂ ಬೇಡವೇ ಬೇಡ.

ಇನ್ನೊಂದು, ಹಲ್ಲಿಗೆ ಹುಳ ಬೀಳಲ್ಲ. ಹೊಗೆ ಹಾಕಿ ಹುಳ ಬೀಳಿಸ್ತೀವಿ ಅಂತ ಸಂತೇಲಿ ತೋರಿಸ್ತಾರಲ್ಲ, ಅದು ಕೈಚಳಕ. ಹುಳುಕು ಆಗೋದು ಬಾಯಲ್ಲಿರೋ ಬ್ಯಾಕ್ಟೀರಿಯಾ ನಾವು ತಿಂದ ಸಿಹಿಯನ್ನ ಆಸಿಡ್ ಮಾಡಿ ಹಲ್ಲು ಕರಗಿಸೋದ್ರಿಂದ. ಎಷ್ಟು ಸಿಹಿ ತಿಂದ್ರಿ ಅನ್ನೋದಕ್ಕಿಂತ ದಿನಕ್ಕೆ ಎಷ್ಟು ಸಲ ಅನ್ನೋದು ಮುಖ್ಯ. ಒಂದು ಸಲ ಊಟದ ಜೊತೆ ಹೋಳಿಗೆ ತಿಂದ್ರೆ ಬಾಯಿ ಸುಧಾರಿಸ್ಕೊಳ್ಳುತ್ತೆ, ಗಂಟೆಗೊಂದು ಸಕ್ಕರೆ ಟೀ ಕುಡಿಯೋರಿಗೆ ಸುಧಾರಿಸ್ಕೊಳ್ಳೋ ಹೊತ್ತೇ ಸಿಗಲ್ಲ. ಶಿಫ್ಟ್ ಕೆಲಸದವರಲ್ಲಿ ನಾನು ನೋಡೋದು ಇದೇ, ರಾತ್ರಿಯಿಡೀ ಟೀ, ಬಿಸ್ಕತ್ತು, ಬೆಳಿಗ್ಗೆ ಬಂದು ಹಲ್ಲುಜ್ಜದೆ ನಿದ್ದೆ. @ಅರಸೀಕೆರೆ_ಪ್ಯಾಸೆಂಜರ್ ಹೌದಾ?

ಅರಸೀಕೆರೆ_ಪ್ಯಾಸೆಂಜರ್

ಹೌದು ಮೇಡಂ, ನೈಟ್ ಶಿಫ್ಟಲ್ಲಿ ಆರೇಳು ಟೀ ಆಗುತ್ತೆ. ಸಕ್ಕರೆ ಜಾಸ್ತಿನೇ.

ಪಾವಗಡ_ಬೋರ್‌ವೆಲ್

ನಡುವೆ ಬರ್ತಿದೀನಿ ಕ್ಷಮಿಸಿ. ನಮ್ ತಾಲ್ಲೂಕಲ್ಲಿ ಬೋರ್ ನೀರಲ್ಲಿ ಫ್ಲೋರೈಡ್ ಜಾಸ್ತಿ, ನನ್ ಹಲ್ಲು ಚಿಕ್ಕಂದಿನಿಂದ ಕಂದು ಕಂದು ಕಲೆ. ಈಗ 31, ಮದ್ವೆ ಮಾತುಕತೆ ನಡೀತಿದೆ, ನಗಕ್ಕೇ ಮುಜುಗರ. ಎರಡು ಸಲ ಕ್ಲೀನಿಂಗ್ ಮಾಡಿಸ್ದೆ ಹೋಗ್ಲಿಲ್ಲ. ಫ್ಲೋರೈಡ್ ಪೇಸ್ಟ್ ಹಾಕಿದ್ರೆ ಇನ್ನೂ ಜಾಸ್ತಿ ಆಗುತ್ತಾ?

ದಾವಣಗೆರೆ_ದಂತವೈದ್ಯೆ

ಮುಜುಗರ ಪಡ್ಬೇಡಿ, ನೀವು ಹಲ್ಲು ಉಜ್ಜದೆ ಬಂದಿದ್ದಲ್ಲ ಅದು. ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯವರು ಇದೇ ಹೇಳ್ಕೊಂಡು ಬರ್ತಾರೆ. ಹಲ್ಲು ಒಸಡಿನೊಳಗೆ ತಯಾರಾಗೋ ವಯಸ್ಸಲ್ಲಿ, ಅಂದ್ರೆ ಸುಮಾರು ಎಂಟು ವರ್ಷದೊಳಗೆ, ಲೀಟರಿಗೆ 1.5 ಮಿಲಿಗ್ರಾಂ ಮೀರಿ ಫ್ಲೋರೈಡ್ ಇರೋ ನೀರು ಕುಡಿದ್ರೆ ಎನಾಮಲ್ಲಿನೊಳಗೇ, ಅಂದ್ರೆ ಹಲ್ಲಿನ ಗಟ್ಟಿ ಹೊರಪದರದಲ್ಲೇ, ಕಲೆ ಕೂರುತ್ತೆ. ಕ್ಲೀನಿಂಗ್ ಮಾಡೋದು ಹಲ್ಲಿನ ಮೇಲೆ ಕೂತ ಗಾರೆ, ಕರೆ ತೆಗೆಯೋಕೆ. ಒಳಗಿನ ಬಣ್ಣ ಅದರಿಂದ ಹೋಗಲ್ಲ. ಕಲೆ ತೆಳುವಾಗಿದ್ರೆ ಮೇಲ್ಪದರ ಸ್ವಲ್ಪ ಸವೆಸಿ ತೆಗೀಬಹುದು, ಜೊತೆಗೆ ಬ್ಲೀಚಿಂಗ್. ಗಾಢವಾಗಿದ್ರೆ ಮುಂದಿನ ಹಲ್ಲುಗಳಿಗೆ ಕಾಂಪೋಸಿಟ್ (ಹಲ್ಲಿನ ಬಣ್ಣದ ಫಿಲ್ಲಿಂಗ್) ಅಥವಾ ವೆನೀರ್ (ತೆಳ್ಳನೆ ಬಿಲ್ಲೆ) ಹೊದಿಸ್ತಾರೆ. ಆರು ಹಲ್ಲಿಗೂ ನೇರ ಕ್ಯಾಪ್ ಹಾಕಿಬಿಡೋಣ ಅಂದ್ರೆ ಒಪ್ಕೋಬೇಡಿ, ಗಟ್ಟಿ ಹಲ್ಲನ್ನ ಸುತ್ತ ಅರೆದು ಸಣ್ಣ ಮಾಡ್ಬೇಕಾಗುತ್ತೆ, ಅರೆದದ್ದು ವಾಪಸ್ ಬರಲ್ಲ. ದೊಡ್ಡವರಿಗೆ ಪೇಸ್ಟಿಂದ ಹೊಸ ಕಲೆ ಬರಲ್ಲ, ಧೈರ್ಯವಾಗಿ ಬಳಸಿ. ಮನೇಲಿ ಸಣ್ಣ ಮಕ್ಕಳಿದ್ರೆ ಅವರಿಗೆ ಕುಡಿಯೋಕೆ ಶುದ್ಧೀಕರಿಸಿದ ನೀರೇ ಕೊಡಿ.

ಮಂಡ್ಯ_ಬೆಲ್ಲ

ಕ್ಲೀನಿಂಗ್ ವಿಷ್ಯ ಬಂತಲ್ಲ, ನಮ್ಮಮ್ಮಂಗೆ 58, ಶುಗರ್ ಇದೆ. ಉಜ್ಜುವಾಗ ಒಸಡಲ್ಲಿ ರಕ್ತ, ಬಾಯಿ ವಾಸನೆ, ಮುಂದಿನ ಹಲ್ಲು ಎರಡು ಅಲ್ಲಾಡ್ತವೆ. ಕ್ಲೀನಿಂಗ್ ಮಾಡ್ಸಿದ್ರೆ ಇರೋ ಹಲ್ಲೂ ಸಡಿಲ ಆಗ್ತವೆ ಅಂತ ಪಕ್ಕದ್ಮನೆಯವ್ರು ಹೆದರ್ಸವ್ರೆ, ಅಮ್ಮ ಬರಲ್ಲ ಅಂತ ಕೂತವ್ರೆ.

ದಾವಣಗೆರೆ_ದಂತವೈದ್ಯೆ

ಈ ಮಾತಿಂದ ಎಷ್ಟು ಜನ ಹಲ್ಲು ಕಳ್ಕೊಂಡಿದಾರೋ ದೇವರಿಗೇ ಗೊತ್ತು, ಇದನ್ನ ಕೇಳಿದಾಗೆಲ್ಲ ಸಂಕಟ ಆಗುತ್ತೆ. ದಿನಾ ಹಲ್ಲಿನ ಬುಡದಲ್ಲಿ ಕೂರೋ ಮೆತ್ತನೆ ಪಾಚಿಯನ್ನ ತೆಗೀದೇ ಇದ್ರೆ ಎಂಜಲಿನ ಸುಣ್ಣ ಸೇರಿ ಗಾರೆ ಆಗುತ್ತೆ. ಗಾರೆ ಒಸಡಿನ ಕೆಳಗೆ ಇಳೀತಾ ಹೋದಂಗೆ ಹಲ್ಲು ಹಿಡ್ಕೊಂಡಿರೋ ಮೂಳೆ ಕರಗ್ತಾ ಹೋಗುತ್ತೆ. ಮೂಳೆ ಕರಗಿದ ಮೇಲೆ ಹಲ್ಲನ್ನ ಅಲ್ಲಾಡದಂಗೆ ತಡೆದಿರೋದು ಆ ಗಾರೆಯೇ. ಅದನ್ನ ತೆಗೆದಾಗ ಸಂದು ಕಾಣುತ್ತೆ, ಅಲ್ಲಾಡೋದು ಗೊತ್ತಾಗುತ್ತೆ, ಕ್ಲೀನಿಂಗಿಂದ ಸಡಿಲ ಆಯ್ತು ಅಂತಾರೆ. ಮಿಷಿನ್ನು ನೀರಿನ ಜೊತೆ ಅದುರಿ ಗಾರೆಯನ್ನ ಒಡೆಯುತ್ತೆ, ಹಲ್ಲನ್ನ ಕೊರೆಯಲ್ಲ. ಆಮೇಲೆ ಸ್ವಲ್ಪ ದಿನ ತಣ್ಣೀರಿಗೆ ಜುಮ್ ಅನ್ನಬಹುದು, ಅಷ್ಟೇ.

ಶುಗರ್ ಇರೋರಿಗೆ ಇದು ಇನ್ನೂ ಮುಖ್ಯ. ಶುಗರ್ ಜಾಸ್ತಿ ಇದ್ರೆ ಒಸಡು ಬೇಗ ಹಾಳಾಗುತ್ತೆ, ಒಸಡಲ್ಲಿ ಸೋಂಕಿದ್ರೆ ಶುಗರ್ ಹತೋಟಿಗೆ ಬರೋದು ಕಷ್ಟ, ಎರಡೂ ಒಂದನ್ನೊಂದು ಎಳೀತವೆ. ಅಮ್ಮನ್ನ ಕರ್ಕೊಂಡು ಹೋಗುವಾಗ ತಿಂಡಿ ತಿನ್ಸಿ, ಮಾತ್ರೆ ಕೊಟ್ಟು, ಬೆಳಗ್ಗಿನ ಹೊತ್ತು ಕರ್ಕೊಂಡು ಹೋಗಿ, ಇತ್ತೀಚಿನ ಶುಗರ್ ರಿಪೋರ್ಟ್ ಕೈಲಿರ್ಲಿ. ಒಸಡಿನ ತಜ್ಞರ ಹತ್ರ ಹೋದ್ರೆ ಒಳ್ಳೇದು. ಒಸಡಿನ ಕಾಯಿಲೇಲಿ ಕರಗಿದ ಮೂಳೆ ಸಾಮಾನ್ಯವಾಗಿ ವಾಪಸ್ ಬೆಳೆಯಲ್ಲ, ಉಳಿದಿರೋದನ್ನ ಉಳಿಸ್ಕೊಬಹುದು.

ಶಿವಮೊಗ್ಗ_ಸಂಪಿಗೆ

ಮೇಡಂ ನಮ್ಮ ಯಜಮಾನ್ರು 15 ವರ್ಷದಿಂದ ಎಲೆ ಅಡಿಕೆ, ಈಚೆಗೆ ಬರೀ ಅಡಿಕೆ ಚೂರು ಜೇಬಲ್ಲಿ ಇಟ್ಕೊಂಡು ಅಗೀತಾರೆ. ತಂಬಾಕು ಹಾಕಲ್ಲ, ಹಾಗಾಗಿ ಏನೂ ಆಗಲ್ಲ ಅಂತಾರೆ. ಒಂದು ವರ್ಷದಿಂದ ಖಾರ ತಿಂದ್ರೆ ಬಾಯೆಲ್ಲಾ ಉರಿ, ಮೊದಲಿನ ತರ ದೊಡ್ಡ ತುತ್ತು ಬಾಯಿಗೆ ಹಿಡಿಸಲ್ಲ. ಹಲ್ಲಿನ ತೊಂದರೆನಾ ಇದು?

ದಾವಣಗೆರೆ_ದಂತವೈದ್ಯೆ

ಇವತ್ತು ರಾತ್ರಿನೇ ಒಂದು ಕೆಲಸ ಮಾಡಿ. ಅವರ ಬಾಯಿ ಪೂರ್ತಿ ತೆರೆಸಿ, ಅವರದೇ ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿ ಮೇಲಿನ ಕೆಳಗಿನ ಮುಂದಿನ ಹಲ್ಲಿನ ನಡುವೆ ಹೋಗುತ್ತಾ ನೋಡಿ. ಕೆನ್ನೆ ಒಳಗೆ ಬೆರಳಾಡಿಸಿದ್ರೆ ಬಿಳಿಚಿಕೊಂಡು ಹಗ್ಗದ ತರ ಗಟ್ಟಿ ಎಳೆ ಸಿಗುತ್ತಾ ನೋಡಿ. ಅಡಿಕೆ ತಿಂದು ತಿಂದು ಬಾಯೊಳಗಿನ ಚರ್ಮ ಬಿಗಿಯಾಗೋ ಕಾಯಿಲೆ ಇದೆ, ನೀವು ಹೇಳ್ತಿರೋ ಉರಿ ಅದರ ಮೊದಲ ಲಕ್ಷಣ. ಮುಂದೆ ಕ್ಯಾನ್ಸರ್‌ಗೆ ತಿರುಗೋ ಅಪಾಯ ಇರುತ್ತೆ. ತಂಬಾಕು ಬೆರೆಸದ ಬರೀ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕ್ಯಾನ್ಸರ್ ತರೋ ವಸ್ತುಗಳ ಪಟ್ಟಿಗೆ ಸೇರಿಸಿ 20 ವರ್ಷದ ಮೇಲಾಯ್ತು. ಅಡಿಕೆ ಬೆಳೆಯೋ ಊರಲ್ಲಿ ಈ ಮಾತು ಹೇಳೋದು ಕಷ್ಟ ಅಂತ ನಂಗೊತ್ತು, ನಮ್ಮ ತವರುಮನೇದೂ ತೋಟವೇ. ಆದ್ರೂ ಹೇಳ್ತೀನಿ, ಅಡಿಕೆ ಇವತ್ತೇ ನಿಲ್ಲಿಸಿ, ಈ ವಾರವೇ ತೋರಿಸಿ. ಬಾಯಲ್ಲಿ ಎರಡು ವಾರಕ್ಕೂ ವಾಸಿಯಾಗದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಯಾರಿಗೇ ಇದ್ರೂ ಇದೇ ಮಾತು.

ಶಿವಮೊಗ್ಗ_ಸಂಪಿಗೆ

ನೋಡಿದೆ ಮೇಡಂ. ಎರಡೇ ಬೆರಳು ಹೋಗೋದು. ನಾಳೆನೇ ಹೋಗ್ತೀವಿ.

ನ್ಯೂಜೆರ್ಸಿ_ನವಿಲು

ಇಲ್ಲಿ ಡೆಂಟಲ್ ಖರ್ಚು ನೋಡಿ ಊರಿಗೆ ಬಂದಾಗ ಮಾಡಿಸ್ಕೊಳ್ಳೋರು ನಮ್ಮಲ್ಲಿ ಬಹಳ ಜನ, ಅವರಿಗೆ ಒಂದು ಮಾತು. ಹೋದ ಡಿಸೆಂಬರಲ್ಲಿ ಮೂರು ವಾರಕ್ಕೆ ಮೈಸೂರಿಗೆ ಬಂದಾಗ ಇಂಪ್ಲಾಂಟ್ ಪೂರ್ತಿ ಮಾಡಿಸ್ಕೊಂಡು ವಾಪಸ್ ಹೋಗೋಣ ಅಂದ್ಕೊಂಡಿದ್ದೆ. ಡಾಕ್ಟ್ರು ಕೂರಿಸಿ ವಿವರಿಸಿದ್ರು, ಮೂಳೆಗೆ ಟೈಟಾನಿಯಂ ತಿರುಪು ಕೂರಿಸಿದ ಮೇಲೆ ಮೂಳೆ ಅದಕ್ಕೆ ಅಂಟಿ ಬೆಳೆಯೋಕೆ ಮೂರರಿಂದ ಆರು ತಿಂಗಳು ಬೇಕು, ಮೇಲಿನ ಹಲ್ಲು ಆಮೇಲೆ. ಹಾಗಾಗಿ ಒಂದು ರಜೇಲಿ ತಿರುಪು, ಮುಂದಿನ ರಜೇಲಿ ಹಲ್ಲು ಅಂತ ಪ್ಲಾನ್ ಮಾಡಿದ್ವಿ. ಕೆಲವರಿಗೆ ಅದೇ ದಿನ ಹಲ್ಲು ಕೂರಿಸೋದೂ ಉಂಟಂತೆ, ನನ್ನ ಮೂಳೆಗೆ ಅದು ಬೇಡ ಅಂದ್ರು. ಹಾಕಿದ ತಿರುಪಿನ ಕಂಪನಿ, ಮಾಡೆಲ್ ಬರೆದ ಕಾರ್ಡ್ ಇಸ್ಕೊಂಡು ಇಟ್ಕೊಳ್ಳಿ, ಬೇರೆ ದೇಶದಲ್ಲಿ ಸಡಿಲ ಆದ್ರೆ ಅದಿಲ್ದೆ ಯಾರೂ ಮುಟ್ಟಲ್ಲ. ಬಂದ ಮೊದಲ ದಿನವೇ ಎಕ್ಸ್‌ರೇ ತೆಗೆಸಿ, ಹೊರಡೋ ಹಿಂದಿನ ದಿನಕ್ಕೆ ಏನನ್ನೂ ಇಟ್ಕೋಬೇಡಿ.

ಅರಸೀಕೆರೆ_ಪ್ಯಾಸೆಂಜರ್

ಅಪ್‌ಡೇಟ್. ಮೇಡಂ ಹೇಳಿದಂಗೇ ಇತ್ತು. ಎಕ್ಸ್‌ರೇನ ಕಂಪ್ಯೂಟರಲ್ಲಿ ದೊಡ್ಡದು ಮಾಡಿ ತೋರಿಸಿದ್ರು, ಬೇರಿನ ತುದೀಲಿ ಕಡಲೆ ಬೇಳೆಯಷ್ಟು ಕಪ್ಪು ನೆರಳು. ಅಲ್ಲಿ ಮೂಳೆ ಕರಗಿದೆ ಅಂದ್ರು. ಅದನ್ನ ಕಣ್ಣಾರೆ ನೋಡಿದ ಮೇಲೆ ನಂಗೆ ಬೇರೆ ಮಾತೇ ಬರ್ಲಿಲ್ಲ, ಮಾಡಿ ಅಂದೆ. ಹಲ್ಲಿಗೆ ತೂತು ತೆಗೆದಾಗ ಒಳಗಿಂದ ಕೊಳೆತ ವಾಸನೆ ಬಂತು, ನಂಗೇ ಗೊತ್ತಾಯ್ತು. ಕೆಳಗಿನ ದವಡೆ ಹಲ್ಲಿಗೆ ಸಾಮಾನ್ಯವಾಗಿ ಮೂರು ನಾಳ ಇರ್ತವಂತೆ, ನಂದ್ರಲ್ಲಿ ನಾಲ್ಕು ಸಿಕ್ತು. ಇವತ್ತು ತೊಳೆದು ಔಷಧಿ ಇಟ್ಟು ತಾತ್ಕಾಲಿಕವಾಗಿ ಮುಚ್ಚಿದಾರೆ, ಮುಂದಿನ ವಾರ ಮತ್ತೆ ಬರ್ಬೇಕು. ನೋವು ಅಂತ ಏನೂ ಆಗ್ಲಿಲ್ಲ, ಕುಂದಾಪ್ರದವರು ಹೇಳಿದ ಬೀಪ್ ಸದ್ದು ಕೇಳಿದಾಗ ಧೈರ್ಯ ಬಂತು.

ಕ್ಯಾಪ್ ಯಾವುದು ಹಾಕ್ಸ್ಲಿ? ಮೆಟಲ್, ಮೆಟಲ್ ಮೇಲೆ ಸೆರಾಮಿಕ್, ಜಿರ್ಕೋನಿಯಾ ಅಂತ ಮೂರು ಹೇಳಿದ್ರು, ರೇಟಲ್ಲಿ ಬಹಳ ವ್ಯತ್ಯಾಸ.

ದಾವಣಗೆರೆ_ದಂತವೈದ್ಯೆ

ಒಳ್ಳೇ ಕೆಲಸ ಮಾಡಿದ್ರಿ! ಮೆಟಲ್ ಕಾಣೋಕೆ ಬೆಳ್ಳಿ ಬಣ್ಣ, ಆದ್ರೆ ಗಟ್ಟಿ, ಹಲ್ಲು ಕಮ್ಮಿ ಅರೆದ್ರೆ ಸಾಕು, ಹಿಂದಿನ ಹಲ್ಲಿಗೆ ನಾಚಿಕೆ ಇಲ್ದೆ ಹಾಕ್ಸಬಹುದು. ಮೆಟಲ್ ಮೇಲೆ ಸೆರಾಮಿಕ್ ಹೊದಿಸಿದ್ದು ಹಲ್ಲಿನ ಬಣ್ಣ ಇರುತ್ತೆ, ವರ್ಷಗಳು ಕಳೆದ ಮೇಲೆ ಚಕ್ಕೆ ಏಳೋ ಸಾಧ್ಯತೆ ಇದೆ. ಜಿರ್ಕೋನಿಯಾ ಗಟ್ಟಿನೂ ಹೌದು ಬಣ್ಣಾನೂ ಹೌದು, ದುಬಾರಿ. ನಿಮ್ಮ ಜೇಬು ನೋಡ್ಕೊಂಡು ಆರಿಸಿ, ಯಾವುದಾದ್ರೂ ಸರಿ ಹಾಕ್ಸೋದು ಮಾತ್ರ ಬಿಡ್ಬೇಡಿ. ತಾತ್ಕಾಲಿಕ ಸಿಮೆಂಟ್ ಇರೋವರೆಗೆ ಆ ಕಡೆ ಕಡಲೆಬೀಜ, ಚಕ್ಕುಲಿ ಬೇಡ.

ಹಾಸನ_ಮಳೆ

ನಂಗೆ ಅವತ್ತು ಇಷ್ಟು ಹೇಳೋರು ಇದ್ದಿದ್ರೆ ಹಲ್ಲು ಉಳೀತಿತ್ತು. ನನ್ ಮಾತು ವಾಪಸ್ ತಗೋತೀನಿ ಗುರು, ಕ್ಯಾಪ್ ಹಾಕ್ಸಿ. ಮೇಡಂ, ನನ್ ಖಾಲಿ ಜಾಗಕ್ಕೆ ಈಗೇನು ಮಾಡ್ಲಿ? ಇಂಪ್ಲಾಂಟಿಗೆಲ್ಲ ದುಡ್ಡಿಲ್ಲ.

ದಾವಣಗೆರೆ_ದಂತವೈದ್ಯೆ

ಎರಡೂ ಪಕ್ಕದ ಹಲ್ಲು ಗಟ್ಟಿ ಇದ್ರೆ ಅವನ್ನ ಅರೆದು ಬ್ರಿಡ್ಜ್ ಕಟ್ಟಬಹುದು, ಅಂದ್ರೆ ಆ ಎರಡರ ಆಸರೇಲಿ ನಡುವೆ ಕೃತಕ ಹಲ್ಲು ಕೂರಿಸೋದು. ಆದ್ರೆ ಆ ಎರಡು ಹಲ್ಲಲ್ಲಿ ಹುಳುಕೇ ಇಲ್ಲ ಅಂದ್ರೆ ಒಳ್ಳೇ ಹಲ್ಲು ಅರೆಯೋಕೆ ನಂಗೆ ಮನಸ್ಸು ಬರಲ್ಲ. ನಿಮ್ಮೂರಲ್ಲೇ ಹಾಸನಾಂಬ ದಂತ ಕಾಲೇಜಿದೆ, ಮೊದಲು ಅಲ್ಲಿ ತೋರಿಸಿ. ಬೆಂಗಳೂರಲ್ಲಿ ವಿಕ್ಟೋರಿಯಾ ಆಸ್ಪತ್ರೆ ಹತ್ರ ಸರ್ಕಾರಿ ದಂತ ಕಾಲೇಜು, ಧಾರವಾಡದ ಸತ್ತೂರಲ್ಲಿ ಎಸ್‌ಡಿಎಂ, ನಮ್ಮೂರಲ್ಲಿ ಬಾಪೂಜಿ, ಕರಾವಳಿಯವರಿಗೆ ಮಣಿಪಾಲ. ಕಾಲೇಜುಗಳಲ್ಲಿ ಸಾಮಾನ್ಯವಾಗಿ ಖಾಸಗಿ ಕ್ಲಿನಿಕ್ಕಿಗಿಂತ ಖರ್ಚು ಕಮ್ಮಿ, ವಿದ್ಯಾರ್ಥಿಗಳು ಮಾಡಿದ್ರೂ ಹಿಂದೆ ಪ್ರೊಫೆಸರ್ ನಿಂತು ಹಂತಹಂತಕ್ಕೂ ನೋಡ್ತಾರೆ, ಹೊತ್ತು ಜಾಸ್ತಿ ಹಿಡಿಯುತ್ತೆ ಅಷ್ಟೇ. ಬಿಪಿಎಲ್ ಕಾರ್ಡಿನ ಹಿರಿಯರಿಗೆ ಪೂರ್ತಿ ಹಲ್ಲಿನ ಸೆಟ್ ಬೇಕಿದ್ರೆ ದಂತಭಾಗ್ಯ ಯೋಜನೆ ಬಗ್ಗೆ ಜಿಲ್ಲಾಸ್ಪತ್ರೆ ದಂತ ವಿಭಾಗದಲ್ಲಿ ಕೇಳಿ.

ಸಾಧನಕೇರಿ_ಸಂಜಿ

ಹಲ್ಲಿನ ಸೆಟ್ ಅಂದಕೂಡ್ಲೆ ನಮ್ಮ ಅತ್ತೀ ನೆನಪಾದ್ರು. ಸೆಟ್ ಬಂದ ಮೊದಲನೇ ವಾರ ಭಾಳ ಕಷ್ಟಪಟ್ರು, ಒಸಡು ಕೆಂಪಗಾಗಿ ಹುಣ್ಣಾತು, ಡಬ್ಬ್ಯಾಗ ಹಾಕಿ ಅಟ್ಟದ ಮ್ಯಾಲ ಇಟ್ಟಬಿಟ್ರು. ನಾ ಬಿಡಲಿಲ್ಲ, ಎರಡು ಸಲ ಕರಕೊಂಡು ಹೋಗಿ ಒತ್ತೂ ಕಡೆ ತಿಕ್ಕಿಸಿಕೊಂಡು ಬಂದೆ. ಮೊದಲ ಮೆತ್ತಗಿನ ಅನ್ನ, ಆಮ್ಯಾಲ ಹಾಲಿನ್ಯಾಗ ನೆನಸಿದ ರೊಟ್ಟಿ, ಎರಡೂ ಬಾಜೂ ಸಮ ಅಗೀಲಿಕ್ಕೆ ಕಲತ್ರು. ರಾತ್ರಿ ತಗದು ನೀರಾಗ ಇಡಬೇಕು, ಒಣಗಿಸಬಾರದು. ಈಗ ಮೂರು ವರ್ಷ ಆತು, ಮೊನ್ನೆ ಮೊಮ್ಮಗನ ಮುಂಜಿವ್ಯಾಗ ಬುಂದಿಲಾಡು ತಾವ ಅಗದು ತಿಂದ್ರು.

ಕುಂದಾಪ್ರ_ಕಡಲು

ಒಂದು ಸಂಶಯ ಡಾಕ್ಟ್ರೇ. ನಮ್ಮ ಅಪ್ಪನಿಗೆ ಮೇಲಿನ ಹಲ್ಲು ತೆಗೆಸ್ಬೇಕು, ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗ್ತದೆ ಅಂತ ಬರುವುದಿಲ್ಲ. ಅವರಿಗೆ ಹಾರ್ಟಿಗೆ ಸ್ಟೆಂಟ್ ಹಾಕಿದ್ದುಂಟು, ರಕ್ತ ತೆಳು ಮಾಡುವ ಮಾತ್ರೆ ತಗೊಳ್ತಾರೆ.

ದಾವಣಗೆರೆ_ದಂತವೈದ್ಯೆ

ಕಣ್ಣಿನ ನರ ಬೇರೆ ಹಲ್ಲಿನ ನರ ಬೇರೆ, ಕಣ್ಣಿಗೆ ಏನೂ ಆಗಲ್ಲ. ವಯಸ್ಸಾದ ಮೇಲೆ ಹಲ್ಲು ಹೋಗೋದೂ ಕಣ್ಣು ಮಂಜಾಗೋದೂ ಒಟ್ಟಿಗೇ ಆಗೋದ್ರಿಂದ ಹುಟ್ಟಿದ ನಂಬಿಕೆ ಇರಬೇಕು. ಮಾತ್ರೆ ವಿಷ್ಯ ಮಾತ್ರ ಬಹಳ ಮುಖ್ಯ, ನೀವಾಗೇ ನಿಲ್ಲಿಸಲೇಬೇಡಿ, ಸ್ಟೆಂಟ್ ಇರೋರು ಮಾತ್ರೆ ನಿಲ್ಲಿಸೋದು ಹಲ್ಲು ಕೀಳೋದಕ್ಕಿಂತ ದೊಡ್ಡ ಅಪಾಯ. ಹೃದಯದ ಡಾಕ್ಟ್ರ ಚೀಟಿ ತಂದು ತೋರಿಸಿ. ಸಾಮಾನ್ಯವಾಗಿ ಮಾತ್ರೆ ನಡೀತಿರುವಾಗಲೇ ಒಂದೊಂದೇ ಹಲ್ಲು ತೆಗೆದು ಹೊಲಿಗೆ ಹಾಕ್ತೀವಿ. ಕಿತ್ತ ಮೇಲೆ ಹತ್ತಿ ಅರ್ಧ ಮುಕ್ಕಾಲು ಗಂಟೆ ಗಟ್ಟಿಯಾಗಿ ಕಚ್ಚಿರಬೇಕು, ಅವತ್ತಿಡೀ ಉಗುಳೋದು ಮುಕ್ಕಳಿಸೋದು ಬೀಡಿ ಸಿಗರೇಟು ಬೇಡ. ಅಲ್ಲಿ ಹೆಪ್ಪುಗಟ್ಟಿದ ರಕ್ತ ಕಿತ್ತು ಬಂದ್ರೆ ಮೂರನೇ ದಿನ ಶುರುವಾಗೋ ನೋವು ಹಲ್ಲು ನೋವಿಗಿಂತ ಕೆಟ್ಟದು. ಮಾರನೇ ದಿನದಿಂದ ಉಗುರು ಬೆಚ್ಚಗಿನ ಉಪ್ಪುನೀರು.

ತೀರ್ಥಹಳ್ಳಿ_ತೋಟ

ಕೊನೇದಾಗಿ ಒಂದು, ದಿನಾ ಹೇಗೆ ಉಜ್ಜಬೇಕು ಅಂತ ಸರಿಯಾಗಿ ಹೇಳ್ಬಿಡಿ ಮೇಡಂ. ನಾನು ಇದ್ದಿಲು ಉಪ್ಪಲ್ಲೇ ಉಜ್ಜಿ ಬೆಳೆದವ.

ದಾವಣಗೆರೆ_ದಂತವೈದ್ಯೆ

ಇದ್ದಿಲು, ಇಟ್ಟಿಗೆ ಪುಡಿ, ಉಪ್ಪು ಎಲ್ಲಾ ಹಲ್ಲನ್ನ ಸವೆಸ್ತವೆ. ಮೆತ್ತನೆ ಬ್ರಷ್ ತಗೊಳ್ಳಿ, ಹಲ್ಲು ಒಸಡು ಸೇರೋ ಗೆರೆಗೆ ಓರೆಯಾಗಿ ಇಟ್ಟು ಅಲ್ಲೇ ಸಣ್ಣಗೆ ಅದುರಿಸಿ. ಗರಗಸದ ತರ ಅಡ್ಡಡ್ಡ ತಿಕ್ಕಬೇಡಿ, ಹಾಗೆ ತಿಕ್ಕಿ ತಿಕ್ಕಿ ಒಸಡಿನ ಬುಡದಲ್ಲಿ ಕೊಡಲಿ ಏಟು ಬಿದ್ದಂಗೆ ಕಚ್ಚು ಬಿದ್ದಿರೋರು ಬಹಳ ಜನ. ಎರಡು ನಿಮಿಷ, ಎರಡು ಹೊತ್ತು. ರಾತ್ರಿ ಉಜ್ಜೋದು ಬೆಳಿಗ್ಗೆಗಿಂತ ಮುಖ್ಯ, ನಿದ್ದೇಲಿ ಎಂಜಲು ಕಮ್ಮಿ. ಪೇಸ್ಟಲ್ಲಿ ಫ್ಲೋರೈಡ್ ಇದೆಯಾ ಅಂತ ಡಬ್ಬಿ ಮೇಲೆ ನೋಡಿ, 1000 ಪಿಪಿಎಂ ಆಸುಪಾಸು ಇದ್ರೆ ಸರಿ. ಉಜ್ಜಿದ ಮೇಲೆ ನೊರೆ ಉಗುಳಿ ಸಾಕು, ಲೋಟಗಟ್ಟಲೆ ನೀರಲ್ಲಿ ಮುಕ್ಕಳಿಸಿದ್ರೆ ಫ್ಲೋರೈಡೂ ತೊಳೆದು ಹೋಗುತ್ತೆ. ಸಂದುಗಳಿಗೆ ಫ್ಲಾಸ್ ದಾರ ಅಥವಾ ಸಣ್ಣ ಸಂದಿನ ಬ್ರಷ್, ಪಿನ್ನು ಬೇಡ.

@ಅರಸೀಕೆರೆ_ಪ್ಯಾಸೆಂಜರ್ ನಿಮಗೊಂದು ಹೇಳ್ಬೇಕಿತ್ತು. ನೀವು ಹೇಳಿದ ಜಾಗ ನೋಡಿದ್ರೆ ಹಾಳಾಗಿದ್ದು ಆರು ವರ್ಷಕ್ಕೆ ಬರೋ ದವಡೆ ಹಲ್ಲು ಅನ್ಸುತ್ತೆ. ಯಾವ ಹಾಲುಹಲ್ಲೂ ಬೀಳದೆ, ಎಲ್ಲಕ್ಕಿಂತ ಹಿಂದೆ ಸದ್ದಿಲ್ದೆ ಹುಟ್ಟುತ್ತೆ, ಹಾಗಾಗಿ ಅದೂ ಹಾಲುಹಲ್ಲು, ಬಿದ್ದೋಗುತ್ತೆ ಅಂತ ಮನೆಯವರು ಗಮನ ಕೊಡಲ್ಲ. ಮನೇಲಿ ಆ ವಯಸ್ಸಿನ ಮಕ್ಕಳಿದ್ರೆ ನೋಡಿ, ಹುಟ್ಟಿದ ಹೊಸದ್ರಲ್ಲಿ ಅದರ ಗೀರುಗಳನ್ನ ಸೀಲಂಟ್ ಹಾಕಿ ಮುಚ್ಚಬಹುದು.

ಶಿವಮೊಗ್ಗ_ಸಂಪಿಗೆ

ತೋರಿಸಿ ಬಂದ್ವಿ ಮೇಡಂ. ನೀವು ಹೇಳಿದ ಕಾಯಿಲೆನೇ, ಶುರುವಿನ ಹಂತ ಅಂದ್ರು. ಬಾಯಿ ತೆರೆಯೋ ವ್ಯಾಯಾಮ ಹೇಳ್ಕೊಟ್ಟಿದಾರೆ, ಪ್ರತಿ ತಿಂಗಳು ಬರೋಕೆ ಹೇಳಿದಾರೆ. ಅಡಿಕೆ ಬಿಟ್ಟು ಇವತ್ತಿಗೆ ಒಂಬತ್ತು ದಿನ. ಜೇಬಲ್ಲಿ ಈಗ ಏಲಕ್ಕಿ ಇಟ್ಟು ಕಳಿಸ್ತೀನಿ.

ಅರಸೀಕೆರೆ_ಪ್ಯಾಸೆಂಜರ್

ಇವತ್ತು ಕ್ಯಾಪ್ ಕೂರಿಸಿದ್ರು, ಮೆಟಲ್ಲೇ ಹಾಕ್ಸ್ದೆ. ನೀಲಿ ಕಾಗದ ಕಚ್ಚಿಸಿ ಕಚ್ಚಿಸಿ ಎತ್ತರ ನೋಡಿ ಮೂರು ಸಲ ತಿಕ್ಕಿದ್ರು, ಈಗ ಎರಡೂ ಕಡೆ ಸಮ ಕೂರುತ್ತೆ, ಆ ಕೂದಲೆಳೆ ಎತ್ತರ ಇಲ್ಲ. ಆರು ತಿಂಗಳಿಗೆ ಮತ್ತೆ ಎಕ್ಸ್‌ರೇ ತೆಗೆದು ಆ ನೆರಳು ಚಿಕ್ಕದಾಗಿದೆಯಾ ನೋಡೋಣ ಅಂದಿದಾರೆ. ಎಲ್ರಿಗೂ ತುಂಬಾ ಥ್ಯಾಂಕ್ಸ್.

ಮೇಡಂ, ನೀವು ಹೇಳಿದ್ಮೇಲೆ ರಾತ್ರಿ ಮಗಳ ಬಾಯಿ ತೆರೆಸಿ ಟಾರ್ಚ್ ಹಾಕಿ ನೋಡ್ದೆ. ಆರು ವರ್ಷ ಎರಡು ತಿಂಗಳು ಅವಳಿಗೆ. ಕೆಳಗೆ ಬಲಗಡೆ, ಕೊನೇ ಹಾಲುಹಲ್ಲಿನ ಹಿಂದೆ ಒಸಡು ಸೀಳ್ಕೊಂಡು ಅಕ್ಕಿ ಕಾಳಷ್ಟು ಬಿಳಿ ತುದಿ ಕಾಣ್ತಿದೆ, ಅದೇ ಹಲ್ಲು. ಶನಿವಾರ ಫಸ್ಟ್ ಶಿಫ್ಟ್, ಮಧ್ಯಾಹ್ನ ಬಂದು ಕರ್ಕೊಂಡು ಹೋಗ್ತೀನಿ.